ಮೂತ್ರಪಿಂಡ ರೋಗಿಗಳಲ್ಲಿ ಆಂಜಿಯೋಪ್ಲಾಸ್ಟಿ ಮತ್ತು ಬೈಪಾಸ್: ಫಲಿತಾಂಶಗಳು

ಹೃದಯದ ಸ್ನಾಯುವಿಗೆ ರಕ್ತ ಒಯ್ಯುವ ಧಮನಿಗಳು ಕಟ್ಟಿಕೊಂಡಾಗ ಮಾಡುವ ಚಿಕಿತ್ಸೆಗಳು ಮುಖ್ಯವಾಗಿ ಎರಡು. ಮಣಿಕಟ್ಟಿನ ಅಥವಾ ತೊಡೆಯ ಧಮನಿಯಿಂದ ಸಣ್ಣ ನಳಿಗೆ ಏರಿಸಿ, ಬಲೂನ್ ಉಬ್ಬಿಸಿ, ಸ್ಟೆಂಟ್ ಕೂರಿಸುವುದು ಆಂಜಿಯೋಪ್ಲಾಸ್ಟಿ. ಎದೆ ತೆರೆದು, ಕಾಲಿನ ಅಥವಾ ಎದೆಯ ಒಳಗೋಡೆಯ ರಕ್ತನಾಳವನ್ನು ತಂದು ಅಡಚಣೆಯ ಮುಂದಕ್ಕೆ ಜೋಡಿಸುವುದು ಬೈಪಾಸ್. ಅಮೆರಿಕದ ಕ್ಲೀವ್‌ಲ್ಯಾಂಡಿನಲ್ಲಿ ರೆನೆ ಫವಲೋರೊ 1967ರಲ್ಲಿ ಬೈಪಾಸನ್ನು ರೂಢಿಗೆ ತಂದರು. ಜೂರಿಚ್‌ನಲ್ಲಿ ಆಂಡ್ರಿಯಾಸ್ ಗ್ರುಂಟ್‌ಸಿಗ್ 1977ರ ಸೆಪ್ಟೆಂಬರ್‌ನಲ್ಲಿ ಮೊದಲ ಬಲೂನ್ ಆಂಜಿಯೋಪ್ಲಾಸ್ಟಿ ಮಾಡಿದರು. ಅಲ್ಲಿಂದ ಇಲ್ಲಿಯವರೆಗೆ ಈ ಚಿಕಿತ್ಸೆಗಳ ಮೇಲೆ ನಡೆದ ಪ್ರಯೋಗಗಳಿಗೆ ಲೆಕ್ಕವಿಲ್ಲ. ಆದರೆ ಅವುಗಳಲ್ಲಿ ಬಹುಪಾಲು ಪ್ರಯೋಗಗಳು ಮೂತ್ರಪಿಂಡ ಕೆಟ್ಟವರನ್ನು ಬಾಗಿಲಲ್ಲೇ ತಡೆದವು. ಹೃದ್ರೋಗದ 153 ದೊಡ್ಡ ಪ್ರಯೋಗಗಳನ್ನು 2006ರಲ್ಲಿ ಪರಿಶೀಲಿಸಿದಾಗ ಅರ್ಧಕ್ಕಿಂತ ಹೆಚ್ಚಿನವು ಇಂಥ ರೋಗಿಗಳನ್ನು ಹೊರಗಿಟ್ಟಿದ್ದು ಕಂಡುಬಂತು. ಹಾಗಾಗಿ ಹೃದ್ರೋಗದಿಂದ ಸಾಯುವ ಅಪಾಯ ಯಾರಿಗೆ ಅತಿ ಹೆಚ್ಚೋ ಅವರ ಬಗ್ಗೆಯೇ ಪುರಾವೆ ಅತಿ ಕಡಿಮೆ.

ದಾವಣಗೆರೆಯ ಮಂಡಿಪೇಟೆಯಲ್ಲಿ ದಲ್ಲಾಳಿ ಅಂಗಡಿಯ ಗದ್ದುಗೆ ಮೇಲೆ ಕೂತವರನ್ನಾಗಲಿ, ಮೂಟೆ ಇಳಿಸಿ ಬೀಡಿ ಹಚ್ಚಿದ ಹಮಾಲರನ್ನಾಗಲಿ ಈ ವಿಷಯ ಕೇಳಿ ನೋಡಿ; ಎರಡು ಮಾತು ಬರುತ್ತವೆ. ಒಂದು, 'ಆಂಜಿಯೋ ಮಾಡಿಸಿದ್ರೆ ಕಿಡ್ನಿ ಹೋಗುತ್ತಂತೆ, ಬೇಡ್ರಿ.' ಇನ್ನೊಂದು, 'ಬ್ಲಾಕ್ ಐತಿ ಅಂದ್ಮೇಲೆ ತೆಗೆಸಿಬಿಡೋದೇ ಒಳ್ಳೇದು.' ಎರಡೂ ಒಂದೇ ಮನೆಯಲ್ಲಿ, ಒಂದೇ ರೋಗಿಯ ಮಂಚದ ಎರಡು ಬದಿಗೆ ಕೇಳಿಸುವುದುಂಟು. ಕಳೆದ ಇಪ್ಪತ್ತೈದು ವರ್ಷಗಳ ಅಧ್ಯಯನಗಳನ್ನು ಒಟ್ಟಿಗೆ ಓದಿದರೆ ತಿಳಿಯುವುದು ಇಷ್ಟು: ಮೊದಲ ಮಾತು ಹೃದಯಾಘಾತದ ಹೊತ್ತಿನಲ್ಲಿ ಅಪಾಯಕಾರಿ, ಎರಡನೆಯದು ಅವಸರವಿಲ್ಲದ ಹೊತ್ತಿನಲ್ಲಿ ಅನವಶ್ಯಕ. ಗೊಂದಲ ಏಳುವುದು ಈ ಎರಡು ಹೊತ್ತುಗಳನ್ನು ಒಂದೇ ಎಂದುಕೊಂಡಾಗ.

ಮೂತ್ರಪಿಂಡ ಕೆಟ್ಟರೆ ಹೃದಯಕ್ಕೇನಾಗುತ್ತದೆ

ಮೂತ್ರಪಿಂಡಗಳು ನಿಮಿಷಕ್ಕೆ ಎಷ್ಟು ಮಿಲಿಲೀಟರ್ ರಕ್ತದ್ರವ ಸೋಸುತ್ತವೆ ಎಂಬ ಅಂದಾಜಿಗೆ ಸೋಸುವಿಕೆಯ ದರ ಎನ್ನಬಹುದು. ಲ್ಯಾಬ್ ರಿಪೋರ್ಟಿನಲ್ಲಿ ಅದು ಇಜಿಎಫ್‌ಆರ್ ಎಂದು ಬರುತ್ತದೆ. ಮೂರು ತಿಂಗಳಿಗೂ ಮೇಲ್ಪಟ್ಟು ಅದು 60ಕ್ಕಿಂತ ಕೆಳಗಿದ್ದರೆ, ಅಥವಾ ಮೂತ್ರದಲ್ಲಿ ಆಲ್ಬುಮಿನ್ ಹೋಗುತ್ತಿದ್ದರೆ, ದೀರ್ಘಕಾಲದ ಮೂತ್ರಪಿಂಡ ರೋಗ ಎಂದು ಲೆಕ್ಕ. ಸ್ಯಾನ್ ಫ್ರಾನ್ಸಿಸ್ಕೊ ಸುತ್ತಿನ 11.2 ಲಕ್ಷ ವಯಸ್ಕರನ್ನು ಗಮನಿಸಿ 2004ರಲ್ಲಿ ಪ್ರಕಟಿಸಿದ ಅಧ್ಯಯನ ಈ ಕ್ಷೇತ್ರದ ಅಡಿಗಲ್ಲು. ದರ 45ರಿಂದ 59ರ ನಡುವೆ ಇದ್ದವರಲ್ಲಿ ಹೃದಯ ಮತ್ತು ರಕ್ತನಾಳದ ಅವಘಡಗಳು 1.4 ಪಟ್ಟು, 30ರಿಂದ 44 ಇದ್ದವರಲ್ಲಿ 2 ಪಟ್ಟು, 15ರಿಂದ 29 ಇದ್ದವರಲ್ಲಿ 2.8 ಪಟ್ಟು, 15ಕ್ಕೂ ಕೆಳಗಿದ್ದವರಲ್ಲಿ 3.4 ಪಟ್ಟು ಹೆಚ್ಚಿದ್ದವು. ಡಯಾಲಿಸಿಸ್‌ವರೆಗೆ ತಲುಪುವ ಮುಂಚೆಯೇ ಹೃದ್ರೋಗದಿಂದ ತೀರಿಕೊಳ್ಳುವವರೇ ಹೆಚ್ಚು.

ಇದಕ್ಕೆ ಕಾರಣ ಬರೀ ಸಕ್ಕರೆ ಕಾಯಿಲೆ, ರಕ್ತದೊತ್ತಡವಲ್ಲ, ಅವು ಎರಡೂ ಅಂಗಗಳನ್ನು ಒಟ್ಟಿಗೆ ಹಾಳುಮಾಡುತ್ತವೆ ನಿಜವಾದರೂ. ಮೂತ್ರಪಿಂಡ ಸೋತಾಗ ರಂಜಕ ದೇಹದಲ್ಲೇ ಉಳಿಯುತ್ತದೆ, ಸುಣ್ಣದ ಅಂಶ ಧಮನಿಗಳ ಗೋಡೆಯಲ್ಲಿ ಕೂರುತ್ತದೆ. ಬೋರ್‌ವೆಲ್ ನೀರಿನ ಪೈಪಿನೊಳಗೆ ಕಟ್ಟಿದ ಬಿಳಿ ಪದರವನ್ನು ನೋಡಿದವರಿಗೆ ಇದನ್ನು ಬಿಡಿಸಿ ಹೇಳಬೇಕಿಲ್ಲ. ಇಂಥ ಗಟ್ಟಿ ಗೋಡೆಯಲ್ಲಿ ಬಲೂನ್ ಸರಿಯಾಗಿ ಅರಳುವುದಿಲ್ಲ, ಸ್ಟೆಂಟ್ ಪೂರ್ತಿ ಬಿಚ್ಚಿಕೊಳ್ಳುವುದಿಲ್ಲ. ಅರೆಬಿಚ್ಚಿದ ಸ್ಟೆಂಟ್ ಮತ್ತೆ ಕಟ್ಟಿಕೊಳ್ಳುವುದು ಬೇಗ. ವಜ್ರದ ಚೂರು ಕೂರಿಸಿದ ಪುಟ್ಟ ಬೈರಿಗೆಯಿಂದ ಸುಣ್ಣವನ್ನು ಕೊರೆಯುವ ವಿಧಾನ, ಶಬ್ದದ ಅಲೆಗಳಿಂದ ಅದನ್ನು ಬಿರುಕು ಬಿಡಿಸುವ ಹೊಸ ವಿಧಾನ ಎರಡೂ ಬಂದಿವೆ. ಕೆಲಸ ಸುಲಭವಾಗಿದೆ, ಅಪಾಯ ಹೋಗಿಲ್ಲ.

ಇನ್ನೊಂದು ತೊಡಕು ರಕ್ತದ್ದು. ಮೂತ್ರಪಿಂಡ ರೋಗಿಯ ಪ್ಲೇಟ್‌ಲೆಟ್‌ಗಳು ಸರಿಯಾಗಿ ಕೆಲಸ ಮಾಡದೆ ರಕ್ತ ಸುಲಭವಾಗಿ ಸುರಿಯುತ್ತದೆ. ಅದೇ ರೋಗಿಯ ಸ್ಟೆಂಟಿನೊಳಗೆ ರಕ್ತ ಹೆಪ್ಪುಗಟ್ಟುವ ಸಂಭವವೂ ಹೆಚ್ಚು. ಒಂದಕ್ಕೆ ಕೊಟ್ಟ ಮದ್ದು ಇನ್ನೊಂದನ್ನು ಕೆಣಕುತ್ತದೆ.

ಎಲ್ಲಕ್ಕಿಂತ ಮುಖ್ಯವಾದದ್ದು, ಮತ್ತು ರೋಗಿಗಳ ಮನೆಯವರಿಗೆ ಯಾರೂ ಹೇಳದೇ ಬಿಡುವಂಥದ್ದು, ಹೃದಯದ ಸ್ನಾಯುವಿನ ಕಥೆ. ವರ್ಷಗಟ್ಟಲೆ ಹೆಚ್ಚಿದ ಒತ್ತಡ ಮತ್ತು ನೀರಿನ ಭಾರದಿಂದ ಎಡ ಹೃತ್ಕುಕ್ಷಿ ದಪ್ಪಗಾಗುತ್ತದೆ, ಅದರೊಳಗೆ ನಾರು ಬೆಳೆಯುತ್ತದೆ. ಪೊಟ್ಯಾಸಿಯಂ ಏರಿಳಿದಾಗ ಲಯ ತಪ್ಪುತ್ತದೆ. ಡಯಾಲಿಸಿಸ್ ರೋಗಿಗಳ ಹೃದಯಸಂಬಂಧಿ ಸಾವುಗಳಲ್ಲಿ ದೊಡ್ಡ ಪಾಲು ಹೀಗೆ ಹಠಾತ್ ನಿಂತ ಹೃದಯದ್ದು, ಕಟ್ಟಿಕೊಂಡ ಧಮನಿಯದ್ದಲ್ಲ. ಸ್ಟೆಂಟ್ ಧಮನಿಯನ್ನು ತೆರೆಯಬಲ್ಲದು. ದಪ್ಪಗಾದ ಸ್ನಾಯುವನ್ನು ತೆಳುವಾಗಿಸಲಾರದು. ಮುಂದೆ ಬರುವ ಅನೇಕ ನಿರಾಶೆಯ ಅಂಕಿಗಳ ಬೇರು ಇಲ್ಲಿದೆ.

ಕ್ರಿಯಾಟಿನಿನ್ 1.8 ಎಂದರೆ ಎಷ್ಟು

ಊರಿನಲ್ಲಿ ಎಲ್ಲರ ಬಾಯಲ್ಲಿರುವ ಸಂಖ್ಯೆ ಕ್ರಿಯಾಟಿನಿನ್. 'ಕ್ರಿಯಾಟಿನ್ ಒಂದೂ ಎಂಟು ಬಂದೈತಿ' ಎಂದು ರಿಪೋರ್ಟ್ ಹಿಡಿದು ಬರುವವರಿಗೆ ಆ ಸಂಖ್ಯೆ ಒಬ್ಬೊಬ್ಬರಲ್ಲಿ ಒಂದೊಂದು ಅರ್ಥ ಕೊಡುತ್ತದೆ ಎಂದು ಹೊಳೆಯುವುದಿಲ್ಲ. 2021ರಲ್ಲಿ ಪರಿಷ್ಕರಿಸಿದ ಸೂತ್ರದಲ್ಲಿ ಹಾಕಿ ನೋಡಿ. 28 ವರ್ಷದ ಹುಡುಗನಿಗೆ 1.8 ಎಂದರೆ ದರ ಸುಮಾರು 52. 62 ವರ್ಷದ ಗಂಡಸಿಗೆ ಅದೇ 1.8 ಎಂದರೆ 42. 62 ವರ್ಷದ ಹೆಂಗಸಿಗೆ 31 ಅಥವಾ 32. ಮೂವರ ರಿಪೋರ್ಟಿನಲ್ಲೂ ಅದೇ ಅಂಕಿ, ಮೂವರ ಅಪಾಯ ಬೇರೆ ಬೇರೆ. ವಯಸ್ಸಾದ, ತೆಳ್ಳಗಿನ ಹೆಂಗಸರ ಮೂತ್ರಪಿಂಡ ಎಷ್ಟು ಕೆಟ್ಟಿದೆ ಎಂಬುದು ಹೀಗೇ ಮುಚ್ಚಿಹೋಗುತ್ತದೆ, 1.3 ಇದ್ದರೂ 'ಪರವಾಗಿಲ್ಲ' ಎಂದು ಕಳಿಸಿಬಿಡುವುದುಂಟು.

ಇಷ್ಟು ಹೇಳುವುದಕ್ಕೆ ಕಾರಣವಿದೆ. ಡೈ ಎಷ್ಟು ಬಳಸಬಹುದು, ರಕ್ತ ತಿಳಿಗೊಳಿಸುವ ಇಂಜೆಕ್ಷನ್ ಎಷ್ಟು ಕೊಡಬೇಕು, ಮೆಟ್‌ಫಾರ್ಮಿನ್ ನಿಲ್ಲಿಸಬೇಕೇ ಎಂಬುದೆಲ್ಲ ಈ ದರದ ಮೇಲೆ ನಿಂತಿದೆ, ಕ್ರಿಯಾಟಿನಿನ್ ಮೇಲಲ್ಲ.

ಡೈ ಎಂಬ ಭಯ

ಆಂಜಿಯೋಗ್ರಾಮ್ ಮಾಡುವಾಗ ಧಮನಿ ಕಾಣಿಸಲೆಂದು ಅಯೋಡಿನ್ ಇರುವ ದ್ರಾವಣ ಬಿಡುತ್ತಾರೆ. ಎಲ್ಲರೂ ಅದನ್ನು ಡೈ ಎನ್ನುತ್ತಾರೆ. ಅದು ಮೂತ್ರಪಿಂಡದ ಒಳ ನಳಿಗೆಗಳಿಗೆ ಪೆಟ್ಟು ಕೊಡಬಲ್ಲದು; ಎರಡು ಮೂರು ದಿನದಲ್ಲಿ ಕ್ರಿಯಾಟಿನಿನ್ ಏರಿ, ಬಹುತೇಕರಲ್ಲಿ ಒಂದೆರಡು ವಾರದಲ್ಲಿ ಇಳಿಯುತ್ತದೆ. ಅಮೆರಿಕದ ರಾಷ್ಟ್ರೀಯ ದಾಖಲೆಯಲ್ಲಿ ಆಂಜಿಯೋಪ್ಲಾಸ್ಟಿ ಮಾಡಿಸಿಕೊಂಡ 9.85 ಲಕ್ಷ ರೋಗಿಗಳನ್ನು ನೋಡಿದಾಗ ಶೇ 7.1ರಷ್ಟು ಮಂದಿಗೆ ಮೂತ್ರಪಿಂಡಕ್ಕೆ ಹಠಾತ್ ಪೆಟ್ಟು ಬಿದ್ದಿತ್ತು. ಡಯಾಲಿಸಿಸ್‌ವರೆಗೆ ಹೋದವರು ಶೇ 0.3. ಅಂದರೆ ಸಾವಿರಕ್ಕೆ ಮೂವರು, ಅವರಲ್ಲೂ ಬಹುಪಾಲು ಮೊದಲೇ ಮೂತ್ರಪಿಂಡ ತೀರಾ ಕೆಟ್ಟವರು ಅಥವಾ ರಕ್ತದೊತ್ತಡ ಕುಸಿದು ಬಂದವರು. ಆದರೆ ಪೆಟ್ಟು ಬಿದ್ದವರ ಗತಿ ಒಳ್ಳೆಯದಲ್ಲ: ಅವರಲ್ಲಿ ಆಸ್ಪತ್ರೆಯಲ್ಲೇ ಸತ್ತವರು ಶೇ 9.7, ಡಯಾಲಿಸಿಸ್ ಬೇಕಾದವರಲ್ಲಿ ಶೇ 34.3, ಏನೂ ಆಗದವರಲ್ಲಿ ಶೇ 0.5.

ಈ ಅಂಕಿಗಳನ್ನು ಓದುವಾಗ ಒಂದು ಎಚ್ಚರ ಬೇಕು. ಹೃದಯ ಸೋತು ಮೂತ್ರಪಿಂಡಕ್ಕೆ ರಕ್ತ ಹೋಗದಿದ್ದರೂ ಕ್ರಿಯಾಟಿನಿನ್ ಏರುತ್ತದೆ. ಆಗ ತಪ್ಪೆಲ್ಲ ಡೈ ತಲೆಗೆ ಕಟ್ಟುವುದು ವಾಡಿಕೆ. ಈಗ ಬಲ್ಲವರು ಡೈ 'ಇಂದ' ಆದ ಪೆಟ್ಟು ಎನ್ನುವ ಬದಲು ಡೈ ಬಳಸಿದ 'ಮೇಲೆ' ಕಂಡ ಪೆಟ್ಟು ಎಂದು ನೋಡಿಕೊಂಡು ಮಾತಾಡುತ್ತಾರೆ.

ತಡೆಯಲು ಏನೇನೋ ಮಾಡಿದ್ದುಂಟು. ಅಸಿಟೈಲ್‌ಸಿಸ್ಟೀನ್ ಮಾತ್ರೆ ವರ್ಷಗಟ್ಟಲೆ ನಮ್ಮ ವಾರ್ಡುಗಳಲ್ಲೂ ಕೊಟ್ಟರು. ಸೋಡಾ ಬೈಕಾರ್ಬೊನೇಟ್ ಡ್ರಿಪ್ ಹಾಕಿದರು. 2018ರಲ್ಲಿ ಐದು ಸಾವಿರಕ್ಕೂ ಹೆಚ್ಚು ರೋಗಿಗಳ ಮೇಲೆ ನಡೆದ ಪ್ರಿಸರ್ವ್ ಪ್ರಯೋಗ ಎರಡರಿಂದಲೂ ಪ್ರಯೋಜನವಿಲ್ಲ ಎಂದು ತೋರಿಸಿತು. ಕೊನೆಗೆ ಉಳಿದದ್ದು ಹಳೆಯ, ಸೀದಾ ಉಪಾಯಗಳೇ: ಸಾಮಾನ್ಯ ಸಲೈನ್, ಕಡಿಮೆ ಡೈ, ಮೂತ್ರಪಿಂಡ ಸುಡುವ ಮಾತ್ರೆಗಳನ್ನು ಮುಂಚೆಯೇ ಬಿಡಿಸುವುದು.

ಕಡಿಮೆ ಡೈ ಎಂದರೆ ಎಷ್ಟು? ಬಹಳಷ್ಟು ಕ್ಯಾಥ್‌ಲ್ಯಾಬ್‌ಗಳಲ್ಲಿ ಬಳಸುವ ಕೈಲೆಕ್ಕ ಹೀಗಿದೆ: ಸೋಸುವ ದರದ ಮೂರು ಪಟ್ಟು ಮಿಲಿಲೀಟರ್ ದಾಟಬಾರದು. ಮೇಲೆ ಹೇಳಿದ 62 ವರ್ಷದ ಹೆಂಗಸಿಗೆ ಮಿತಿ ಸುಮಾರು 93 ಮಿಲಿಲೀಟರ್. ಬರೀ ಆಂಜಿಯೋಗ್ರಾಮ್ ಆದರೆ ಅದರ ಅರ್ಧದಲ್ಲಿ ಮುಗಿಸಬಹುದು. ಆದರೆ ಎರಡು ಮೂರು ಧಮನಿಗೆ ಸ್ಟೆಂಟ್ ಎಂದರೆ 150, 200 ದಾಟುವುದು ಸುಲಭ. ಅದಕ್ಕೇ ಇಂದು ಆಂಜಿಯೋಗ್ರಾಮ್ ಮಾಡಿ, ಕೆಲ ದಿನ ಬಿಟ್ಟು ಕ್ರಿಯಾಟಿನಿನ್ ನೋಡಿಕೊಂಡು ಸ್ಟೆಂಟ್ ಹಾಕುವುದು ವಿವೇಕದ ದಾರಿ. 'ಒಂದೇ ಸಲಕ್ಕೆ ಮುಗಿಸಿಬಿಡ್ರಿ ಸಾರ್, ಪದೇ ಪದೇ ಬರೋಕಾಗಲ್ಲ' ಎಂಬ ಮನೆಯವರ ಒತ್ತಾಯಕ್ಕೆ ವೈದ್ಯರು ಮಣಿಯಬಾರದ ಜಾಗ ಇದು. ಧಮನಿಯೊಳಗೆ ಅಲ್ಟ್ರಾಸೌಂಡ್ ನಳಿಗೆ ಇಳಿಸಿ, ಡೈ ಇಲ್ಲದೆ ಅಥವಾ ಹನಿಯಷ್ಟರಲ್ಲೇ ಸ್ಟೆಂಟ್ ಕೂರಿಸುವ ನುರಿತವರೂ ಇದ್ದಾರೆ.

ಮಾತ್ರೆಗಳ ವಿಷಯ ಮಂಡಿಪೇಟೆಗೆ ವಿಶೇಷವಾಗಿ ಸೇರಿದ್ದು. ದಿನವಿಡೀ ಬೆನ್ನ ಮೇಲೆ ಚೀಲ ಹೊರುವವರು ರಾತ್ರಿ ಮೆಡಿಕಲ್ ಶಾಪಿನಲ್ಲಿ ಚೀಟಿಯಿಲ್ಲದೆ ಡೈಕ್ಲೊಫೆನಾಕ್ ಮಾತ್ರೆ ಕೊಂಡು ನುಂಗುತ್ತಾರೆ. ವರ್ಷಗಟ್ಟಲೆ ಹೀಗೆ ಮಾಡಿದ ಮೂತ್ರಪಿಂಡದ ಮೇಲೆ ಡೈ ಬಿದ್ದಾಗ ಪೆಟ್ಟು ದುಪ್ಪಟ್ಟು. ಆಂಜಿಯೋಗೆ ಮುನ್ನ 'ಬಿಪಿ, ಶುಗರ್ ಮಾತ್ರೆ ಏನು ತಗೋತೀರಿ' ಎಂದು ಕೇಳುತ್ತಾರೆ. 'ಮೈಕೈ ನೋವಿಗೆ ಏನು ತಗೋತೀರಿ' ಎಂದು ಕೇಳುವುದು ಕಡಿಮೆ. ಅದು ಮೊದಲ ಪ್ರಶ್ನೆಯಾಗಬೇಕು.

ಹೃದಯಾಘಾತದ ಹೊತ್ತು

ಧಮನಿ ಪೂರ್ತಿ ಕಟ್ಟಿ ಇಸಿಜಿಯಲ್ಲಿ ಎದ್ದು ಕಾಣುವ ಹೃದಯಾಘಾತದಲ್ಲಿ ಮೂತ್ರಪಿಂಡದ ವಿಚಾರ ಎರಡನೆಯದು. ಕ್ರಿಯಾಟಿನಿನ್ ರಿಪೋರ್ಟಿಗೆ ಕಾಯುವಂತಿಲ್ಲ. ತಕ್ಷಣ ಧಮನಿ ತೆರೆಯುವುದರಿಂದ ಉಳಿಯುವ ಹೃದಯಸ್ನಾಯು ಮೂತ್ರಪಿಂಡಕ್ಕೂ ರಕ್ತ ತಳ್ಳುವ ಸ್ನಾಯುವೇ ಅಲ್ಲವೇ. ಆದರೂ ಇಲ್ಲಿಯೇ ಹಿಂಜರಿಕೆ ಹೆಚ್ಚು ಕಾಣುತ್ತದೆ. ಹೃದಯಾಘಾತವಾಗಿ ಆಂಜಿಯೋಗ್ರಾಮ್‌ಗೆ ಅರ್ಹರಾಗಿದ್ದ ಅಮೆರಿಕದ ವೃದ್ಧರನ್ನು ಪರಿಶೀಲಿಸಿದ 2004ರ ಅಧ್ಯಯನದಲ್ಲಿ, ಮೂತ್ರಪಿಂಡ ಸರಿಯಿದ್ದವರಿಗೆ ಹೋಲಿಸಿದರೆ ಕೆಟ್ಟವರಿಗೆ ಸುಮಾರು ಅರ್ಧದಷ್ಟು ಪ್ರಮಾಣದಲ್ಲಿ ಮಾತ್ರ ಅದನ್ನು ಮಾಡಲಾಗಿತ್ತು. ಮಾಡಿಸಿಕೊಂಡವರು ಹೆಚ್ಚು ದಿನ ಬದುಕಿದ್ದರು.

ನಮ್ಮಲ್ಲಿ ಹಿಂಜರಿಕೆಗೆ ಮುಂಚೆ ಕಾಲವೇ ಕಳೆದುಹೋಗಿರುತ್ತದೆ. ಬೆಂಗಳೂರಿನ ಸೇಂಟ್ ಜಾನ್ಸ್ ವೈದ್ಯಕೀಯ ಕಾಲೇಜಿನ ಡೆನಿಸ್ ಝೇವಿಯರ್, ಪ್ರೇಮ್ ಪೈಸ್ ಮತ್ತವರ ಸಂಗಡಿಗರು ದೇಶದ 89 ಆಸ್ಪತ್ರೆಗಳಿಂದ ಇಪ್ಪತ್ತು ಸಾವಿರಕ್ಕೂ ಹೆಚ್ಚು ರೋಗಿಗಳ ವಿವರ ಕಲೆಹಾಕಿ 2008ರಲ್ಲಿ ಪ್ರಕಟಿಸಿದ ಕ್ರಿಯೇಟ್ ದಾಖಲೆ ಇದನ್ನು ಅಂಕಿಗಳಲ್ಲಿ ಹಿಡಿದಿಟ್ಟಿತು. ಎದೆನೋವು ಶುರುವಾಗಿ ಆಸ್ಪತ್ರೆ ಸೇರಲು ತಗಲಿದ ಮಧ್ಯಮ ಅವಧಿ 360 ನಿಮಿಷ. ಆಸ್ಪತ್ರೆಗೆ ಬಂದ ಮೇಲೆ ಹೆಪ್ಪು ಕರಗಿಸುವ ಇಂಜೆಕ್ಷನ್ ಕೊಡಲು 50 ನಿಮಿಷ. ಬಡವರಲ್ಲಿ ಮೂವತ್ತು ದಿನದೊಳಗಿನ ಸಾವು ಶೇ 8.2, ಅನುಕೂಲಸ್ಥರಲ್ಲಿ ಶೇ 5.5, ಸಿಕ್ಕ ಚಿಕಿತ್ಸೆಯನ್ನು ಲೆಕ್ಕಕ್ಕೆ ತೆಗೆದುಕೊಂಡಾಗ ಈ ಅಂತರ ಮಾಯವಾಯಿತು. ಅಂದರೆ ಬಡತನ ಕೊಂದದ್ದು ಚಿಕಿತ್ಸೆಯನ್ನು ತಪ್ಪಿಸುವ ಮೂಲಕ.

ಹರಿಹರದಿಂದ ದಾವಣಗೆರೆಗೆ ಹದಿನಾಲ್ಕು ಕಿಲೋಮೀಟರ್. ದಾವಣಗೆರೆಯಲ್ಲಿ ಚಿಗಟೇರಿ ಜಿಲ್ಲಾ ಆಸ್ಪತ್ರೆ ಇದೆ, 1965ರಿಂದ ಜೆಜೆಎಂ ವೈದ್ಯಕೀಯ ಕಾಲೇಜಿದೆ, ಬಾಪೂಜಿ ಆಸ್ಪತ್ರೆ ಇದೆ, ಬೈಪಾಸ್ ರಸ್ತೆಯ ಎಸ್.ಎಸ್. ಆಸ್ಪತ್ರೆಯ ಆವರಣದಲ್ಲಿ ಹೃದ್ರೋಗ ಕೇಂದ್ರವಿದೆ. ಒಂದು ಕಾಲದಲ್ಲಿ ಆಂಜಿಯೋ ಎಂದರೆ 260 ಕಿಲೋಮೀಟರ್ ದೂರದ ಬೆಂಗಳೂರಿನ ಜಯದೇವ ಎನ್ನುವಂತಿತ್ತು. ಈಗ ದೂರ ಸಮಸ್ಯೆಯಲ್ಲ, ಗುರುತಿಸುವುದು ಸಮಸ್ಯೆ. ಮೂತ್ರಪಿಂಡ ರೋಗಿಗೆ, ಅದರಲ್ಲೂ ಸಕ್ಕರೆ ಕಾಯಿಲೆ ಜತೆಗಿದ್ದರೆ, ಎದೆನೋವೇ ಬಾರದಿರಬಹುದು. ಉಬ್ಬಸ, ಬೆವರು, ವಾಂತಿ, ಸುಸ್ತು ಇಷ್ಟೇ. ಡಯಾಲಿಸಿಸ್ ಹತ್ತಿರವಾದಾಗ ಉಬ್ಬಸ ಹೇಗೂ ಇರುತ್ತದೆ, ಹಾಗಾಗಿ 'ನೀರು ತುಂಬಿರಬೇಕು' ಎಂದು ಮನೆಯವರು ಕಾಯುತ್ತಾರೆ. ಹೃದಯಸ್ನಾಯುವಿಗೆ ಪೆಟ್ಟು ಬಿದ್ದದ್ದನ್ನು ತೋರಿಸುವ ಟ್ರೊಪೋನಿನ್ ರಕ್ತಪರೀಕ್ಷೆಯೂ ಇಲ್ಲಿ ದಾರಿ ತಪ್ಪಿಸುತ್ತದೆ: ಈ ರೋಗಿಗಳಲ್ಲಿ ಅದು ಸದಾ ತುಸು ಹೆಚ್ಚೇ. ಒಂದು ಸಲದ ಅಂಕಿ ನೋಡಿ ತೀರ್ಮಾನಿಸದೆ, ಕೆಲ ಗಂಟೆ ಬಿಟ್ಟು ಮತ್ತೆ ನೋಡಿ ಏರುತ್ತಿದೆಯೇ ಎಂದು ಗಮನಿಸಬೇಕು.

2021ರ ಅಕ್ಟೋಬರ್ 29ರಂದು ನಟ ಪುನೀತ್ ರಾಜ್‌ಕುಮಾರ್ ತೀರಿಕೊಂಡ ಮೇಲೆ ಅವರ ಹೆಸರಿನಲ್ಲಿ ರಾಜ್ಯ ಸರ್ಕಾರ 2023ರಲ್ಲಿ ಹೃದಯಜ್ಯೋತಿ ಯೋಜನೆ ತಂದಿತು. ತಾಲ್ಲೂಕು ಆಸ್ಪತ್ರೆಯಲ್ಲಿ ತೆಗೆದ ಇಸಿಜಿಯನ್ನು ದೊಡ್ಡ ಕೇಂದ್ರದ ತಜ್ಞರು ಕೂತಲ್ಲೇ ಓದಿ, ಅಗತ್ಯವಿದ್ದರೆ ಹೆಪ್ಪು ಕರಗಿಸುವ ದುಬಾರಿ ಟೆನೆಕ್ಟಿಪ್ಲೇಸ್ ಇಂಜೆಕ್ಷನ್ ಅಲ್ಲೇ ಉಚಿತವಾಗಿ ಕೊಡಿಸುವುದು ಅದರ ಕ್ರಮ. ಉಬ್ಬಸ ಬಂದ ಮೂತ್ರಪಿಂಡ ರೋಗಿಗೆ ಮೊದಲು ಇಸಿಜಿ ತೆಗೆಸಿದರೆ ಈ ಯೋಜನೆಯಿಂದ ಅತಿ ಹೆಚ್ಚು ಲಾಭ ಪಡೆಯುವವರು ಅವರೇ ಆಗಬಹುದು.

ಧಮನಿ ಅರೆಬರೆ ಕಟ್ಟಿದ, ಇಸಿಜಿಯಲ್ಲಿ ಅಷ್ಟು ಸ್ಪಷ್ಟವಾಗದ ಹೃದಯಾಘಾತದಲ್ಲಿ ಚಿತ್ರ ನಿಧಾನವಾಗಿ ಮಸುಕಾಗುತ್ತದೆ. ಸ್ವೀಡನ್ನಿನ ದಾಖಲೆಯಲ್ಲಿ 2003ರಿಂದ 2006ರವರೆಗಿನ 23,262 ರೋಗಿಗಳನ್ನು ನೋಡಿದಾಗ, ಬೇಗ ಸ್ಟೆಂಟ್ ಅಥವಾ ಬೈಪಾಸ್ ಮಾಡಿಸಿಕೊಂಡವರು ಒಟ್ಟಾರೆ ಹೆಚ್ಚು ಬದುಕಿದ್ದರು. ಆದರೆ ಆ ಲಾಭ ಸೋಸುವ ದರದೊಂದಿಗೆ ಇಳಿಯುತ್ತ ಬಂತು: 30ರ ಮೇಲಿದ್ದವರಲ್ಲಿ ಕಾಣಿಸಿತು, 15ರಿಂದ 29ರವರಲ್ಲಿ ಸಂದೇಹಕ್ಕೆ ಬಿತ್ತು, 15ರ ಕೆಳಗೆ ಮತ್ತು ಡಯಾಲಿಸಿಸ್‌ನಲ್ಲಿದ್ದವರಲ್ಲಿ ಕಾಣಲೇ ಇಲ್ಲ.

ಅವಸರವಿಲ್ಲದಾಗ: ಇಸ್ಕೀಮಿಯಾ-ಸಿಕೆಡಿ

ಮೆಟ್ಟಿಲು ಹತ್ತಿದರೆ ಎದೆ ಹಿಡಿಯುತ್ತದೆ, ನಿಂತರೆ ಬಿಡುತ್ತದೆ. ಟ್ರೆಡ್‌ಮಿಲ್ ಅಥವಾ ಸ್ಕ್ಯಾನಿನಲ್ಲಿ ರಕ್ತದ ಕೊರತೆ ಕಂಡಿದೆ. ಇಂಥ ಸ್ಥಿರ ರೋಗಿಗೆ ಮೂತ್ರಪಿಂಡವೂ ಕೆಟ್ಟಿದ್ದರೆ ಸ್ಟೆಂಟ್ ಹಾಕಬೇಕೇ? ಈ ಪ್ರಶ್ನೆಗೆ ಚೀಟಿ ಎತ್ತಿ ಗುಂಪು ಮಾಡಿದ ಸರಿಯಾದ ಪ್ರಯೋಗ, ಇಸ್ಕೀಮಿಯಾ-ಸಿಕೆಡಿ, ಬಂದದ್ದು 2019ರ ಕೊನೆಗೆ, ಪ್ರಕಟವಾದದ್ದು 2020ರಲ್ಲಿ. ಇದನ್ನು ಮುನ್ನಡೆಸಿದ ನ್ಯೂಯಾರ್ಕಿನ ಹೃದ್ರೋಗತಜ್ಞರ ಹೆಸರು ಶ್ರೀಪಾಲ್ ಬೆಂಗಳೂರು. ಅಡ್ಡಹೆಸರಿನಲ್ಲೇ ಊರು ಇಟ್ಟುಕೊಂಡವರ ಕೆಲಸ ನಮಗೆ ದೂರದ್ದು ಎನಿಸಬಾರದು. ಭಾರತದ ಆಸ್ಪತ್ರೆಗಳೂ ಸೇರಿ 30 ದೇಶಗಳ 777 ರೋಗಿಗಳು ಇದರಲ್ಲಿದ್ದರು. ಎಲ್ಲರ ದರವೂ 30ಕ್ಕಿಂತ ಕೆಳಗೆ. ಅರ್ಧಕ್ಕೂ ಹೆಚ್ಚು ಮಂದಿ ಡಯಾಲಿಸಿಸ್‌ನಲ್ಲಿದ್ದವರು.

ಒಂದು ಗುಂಪಿಗೆ ಒಳ್ಳೆಯ ಔಷಧದ ಜತೆಗೆ ಮೊದಲೇ ಆಂಜಿಯೋಗ್ರಾಮ್, ಬೇಕಾದರೆ ಸ್ಟೆಂಟ್ ಅಥವಾ ಬೈಪಾಸ್. ಇನ್ನೊಂದು ಗುಂಪಿಗೆ ಅದೇ ಔಷಧ ಮಾತ್ರ. ನೋವು ತಡೆಯದಾದರೆ ಆಗ ಆಂಜಿಯೋ. ಮೂರು ವರ್ಷದಲ್ಲಿ ಸಾವು ಅಥವಾ ಹೃದಯಾಘಾತ ಮೊದಲ ಗುಂಪಿನಲ್ಲಿ ಶೇ 36.4, ಎರಡನೆಯದರಲ್ಲಿ ಶೇ 36.7. ವ್ಯತ್ಯಾಸವೇ ಇಲ್ಲ. ಇಷ್ಟೇ ಆಗಿದ್ದರೆ 'ಮಾಡಿಸಿದರೂ ನಷ್ಟವಿಲ್ಲ' ಎನ್ನಬಹುದಿತ್ತು. ಆದರೆ ಮೊದಲ ಗುಂಪಿನಲ್ಲಿ ಪಾರ್ಶ್ವವಾಯು 3.76 ಪಟ್ಟು ಹೆಚ್ಚಿತ್ತು. ಸಾವು ಅಥವಾ ಹೊಸದಾಗಿ ಡಯಾಲಿಸಿಸ್ ಶುರುವಾಗುವುದು ಎರಡನ್ನೂ ಸೇರಿಸಿ ನೋಡಿದರೆ 1.48 ಪಟ್ಟು ಹೆಚ್ಚು. ಐದು ವರ್ಷದ ನಂತರ ಮತ್ತೆ ಲೆಕ್ಕ ಹಾಕಿದಾಗಲೂ ಎರಡೂ ಗುಂಪುಗಳಲ್ಲಿ ಸಾವು ಹತ್ತಿರ ಹತ್ತಿರ ಶೇ 40, ಯಾವುದೂ ಗೆಲ್ಲಲಿಲ್ಲ.

ಈ ಪ್ರಯೋಗವನ್ನು ಎಲ್ಲರಿಗೂ ಹಚ್ಚುವ ಹಾಗಿಲ್ಲ. ಎಡ ಮುಖ್ಯ ಧಮನಿ ಕಟ್ಟಿದವರು, ಹೃದಯದ ಶಕ್ತಿ ತೀರಾ ಕುಸಿದವರು, ಇತ್ತೀಚೆಗೆ ಹೃದಯಾಘಾತವಾದವರು, ಔಷಧಕ್ಕೆ ಬಗ್ಗದ ನೋವು ಇದ್ದವರು ಇದರಲ್ಲಿ ಇರಲಿಲ್ಲ. ಮೊದಲ ಗುಂಪಿನಲ್ಲೂ ನಿಜಕ್ಕೂ ಸ್ಟೆಂಟ್ ಅಥವಾ ಬೈಪಾಸ್ ಆದದ್ದು ಸುಮಾರು ಅರ್ಧದಷ್ಟು ಜನಕ್ಕೆ. ಈ ಮಿತಿಗಳನ್ನೆಲ್ಲ ಒಪ್ಪಿಕೊಂಡ ಮೇಲೂ, ಸ್ಥಿರವಾಗಿರುವ, ನೋವು ಹತೋಟಿಯಲ್ಲಿರುವ ಮೂತ್ರಪಿಂಡ ರೋಗಿಗೆ ಬರೀ 'ಬ್ಲಾಕ್ ಕಂಡಿತು' ಎಂಬ ಕಾರಣಕ್ಕೆ ಸ್ಟೆಂಟ್ ಹಾಕುವುದಕ್ಕೆ ಇನ್ನು ಆಧಾರ ಉಳಿದಿಲ್ಲ ಎಂದೇ ಹೇಳಬೇಕು. ಹಾಕಿಸಿಕೊಳ್ಳುವವರು ನೋವು ಕಡಿಮೆಯಾಗಲಿ ಎಂದು ಹಾಕಿಸಿಕೊಳ್ಳಬೇಕೇ ಹೊರತು ಆಯುಷ್ಯ ಹೆಚ್ಚೀತು ಎಂದಲ್ಲ.

ಸ್ಟೆಂಟೋ, ಬೈಪಾಸೋ

ಚಿಕಿತ್ಸೆ ಬೇಕೇ ಬೇಕು ಎಂದಾದಾಗ ಯಾವುದು ಮೇಲು? ಸಕ್ಕರೆ ಕಾಯಿಲೆ ಮತ್ತು ಹಲವು ಧಮನಿಗಳ ಅಡಚಣೆ ಇದ್ದ 1,900 ಮಂದಿಯ ಫ್ರೀಡಂ ಪ್ರಯೋಗದಲ್ಲಿ (2012) ಐದು ವರ್ಷದಲ್ಲಿ ಸಾವು, ಹೃದಯಾಘಾತ, ಪಾರ್ಶ್ವವಾಯು ಸೇರಿ ಸ್ಟೆಂಟ್ ಗುಂಪಿನಲ್ಲಿ ಶೇ 26.6, ಬೈಪಾಸ್ ಗುಂಪಿನಲ್ಲಿ ಶೇ 18.7. ಪಾರ್ಶ್ವವಾಯು ಮಾತ್ರ ಬೈಪಾಸ್‌ನಲ್ಲಿ ಹೆಚ್ಚು. ಅದರಲ್ಲಿ ಮೂತ್ರಪಿಂಡ ಸ್ವಲ್ಪ ಕೆಟ್ಟವರೂ ಇದ್ದರು, ಡಯಾಲಿಸಿಸ್ ರೋಗಿಗಳ ಪ್ರಶ್ನೆಗೆ ಅದು ಉತ್ತರವಲ್ಲ.

ಡಯಾಲಿಸಿಸ್‌ನಲ್ಲಿರುವವರ ಬಗ್ಗೆ ಇರುವುದು ದಾಖಲೆಗಳ ಲೆಕ್ಕ ಮಾತ್ರ. ಅಮೆರಿಕದಲ್ಲಿ 1990ರ ದಶಕದ ಕೊನೆಗೆ ಚಿಕಿತ್ಸೆ ಪಡೆದ ಹದಿನೈದು ಸಾವಿರಕ್ಕೂ ಹೆಚ್ಚು ಡಯಾಲಿಸಿಸ್ ರೋಗಿಗಳಲ್ಲಿ ಆಸ್ಪತ್ರೆಯಲ್ಲೇ ಸತ್ತವರು ಬೈಪಾಸ್‌ನಲ್ಲಿ ಶೇ 8.6, ಸ್ಟೆಂಟ್‌ನಲ್ಲಿ ಶೇ 4.1. ಎರಡು ವರ್ಷ ಬದುಕಿದವರು ಬೈಪಾಸ್‌ನಲ್ಲಿ ಶೇ 56.4, ಸ್ಟೆಂಟ್‌ನಲ್ಲಿ ಶೇ 48.4. ಮುಂದೆ ಸುಮಾರು ಇಪ್ಪತ್ತೆರಡು ಸಾವಿರ ಡಯಾಲಿಸಿಸ್ ರೋಗಿಗಳನ್ನು ನೋಡಿದ 2012ರ ಲೆಕ್ಕವೂ ಬೈಪಾಸ್‌ಗೆ ಶೇ 13ರಷ್ಟು ಮೇಲುಗೈ ಕೊಟ್ಟಿತು. ಆದರೆ ಐದು ವರ್ಷ ಬದುಕುಳಿದವರು ಯಾವ ದಾರಿಯಲ್ಲೂ ಶೇ 22ರಿಂದ 25. ಬೈಪಾಸ್‌ಗೆ ಕಳಿಸಿದವರು ಮೊದಲೇ ಗಟ್ಟಿಮುಟ್ಟಾಗಿದ್ದವರು ಎಂಬ ಆಕ್ಷೇಪಣೆಯನ್ನು ಇಂಥ ಲೆಕ್ಕಗಳು ಎಂದೂ ಪೂರ್ತಿ ಕಳಚಿಕೊಳ್ಳಲಾರವು. ಬೈಪಾಸ್ ಬೆಟ್ಟದ ಮೊದಲ ತಿರುವು ಕಡಿದು. ಅದನ್ನು ದಾಟುವ ಮೈಕಟ್ಟು ಇದೆಯೇ ಎಂಬುದರ ಮೇಲೆ ನಿರ್ಧಾರ ನಿಲ್ಲುತ್ತದೆ.

ಡಯಾಲಿಸಿಸ್ ರೋಗಿಯ ಕೈ, ವಾರದ ಲೆಕ್ಕ

1977ರಿಂದ 1995ರವರೆಗೆ ಹೃದಯಾಘಾತದಿಂದ ಆಸ್ಪತ್ರೆ ಸೇರಿದ ಅಮೆರಿಕದ 34,189 ಡಯಾಲಿಸಿಸ್ ರೋಗಿಗಳಲ್ಲಿ ವರ್ಷದೊಳಗೆ ಸತ್ತವರು ಶೇ 59.3, ಐದು ವರ್ಷದಲ್ಲಿ ಶೇ 89.9. ಈಗ ಪರಿಸ್ಥಿತಿ ಸುಧಾರಿಸಿದೆ, ಆದರೂ ಆ ಅಂಕಿಯ ಭಾರ ಇನ್ನೂ ಹಗುರಾಗಿಲ್ಲ. ಡಯಾಲಿಸಿಸ್ ನಡುವಿನ ಬಿಡುವೂ ಹೃದಯವನ್ನು ಕಾಡುತ್ತದೆ. ವಾರಕ್ಕೆ ಮೂರು ಸಲ ಮಾಡಿಸುವವರಲ್ಲಿ ಎರಡು ದಿನದ ಉದ್ದ ಬಿಡುವಿನ ಮರುದಿನ ಸಾವು ಹೆಚ್ಚು ಎಂದು 2011ರ ಅಧ್ಯಯನವೊಂದು ತೋರಿಸಿದೆ. ನಮ್ಮಲ್ಲಿ ಅನೇಕರು ವಾರಕ್ಕೆ ಎರಡೇ ಸಲ ಮಾಡಿಸುತ್ತಾರೆ, ಬಸ್ಸಿನ ಖರ್ಚು, ಕೂಲಿ ತಪ್ಪುವುದು ಎಂದು ಅದರಲ್ಲೂ ಒಂದು ತಪ್ಪಿಸುತ್ತಾರೆ. ಇಂಥವರಿಗೆ ಸ್ಟೆಂಟ್‌ಗಿಂತ ಮೂರನೆಯ ಡಯಾಲಿಸಿಸ್ ಹೆಚ್ಚು ಆಯುಷ್ಯ ಕೊಟ್ಟೀತು ಎಂಬುದು ಈ ಲೇಖಕನ ಅನಿಸಿಕೆ.

ಉಪ್ಪು ಇಲ್ಲಿ ಸಣ್ಣ ವಿಷಯವಲ್ಲ. ಸಂಜೆ ಮಂಡಕ್ಕಿ ಮಿರ್ಚಿ ತಿನ್ನದ ದಾವಣಗೆರೆಯವರನ್ನು ಹುಡುಕುವುದು ಕಷ್ಟ. ಮಂಡಕ್ಕಿ ಹುರಿಯುವ ಮುನ್ನವೇ ಅಕ್ಕಿಗೆ ಉಪ್ಪು ಹಿಡಿಸುತ್ತಾರೆ, ಮೇಲೆ ಮಿರ್ಚಿಯದ್ದು ಬೇರೆ. ಉಪ್ಪು ಬಾಯಾರಿಸುತ್ತದೆ, ಕುಡಿದ ನೀರು ಹೋಗಲು ದಾರಿಯಿಲ್ಲದೆ ಶ್ವಾಸಕೋಶಕ್ಕೆ ಏರುತ್ತದೆ. 'ಸುಸ್ತಾಗೈತಿ, ಎಳನೀರು ಕುಡೀರಿ' ಎಂದು ನೆಂಟರು ಪ್ರೀತಿಯಿಂದ ತಂದು ಕೊಡುವ ಎಳನೀರಿನ ಪೊಟ್ಯಾಸಿಯಂ ಹೃದಯದ ಲಯವನ್ನೇ ಕೆಡಿಸಬಲ್ಲದು.

ಇನ್ನು ಕೈ. ಡಯಾಲಿಸಿಸ್‌ಗೆ ಮುಂಗೈಯಲ್ಲಿ ಧಮನಿ ಮತ್ತು ಅಭಿಧಮನಿ ಹೊಲಿದು ಫಿಸ್ಟುಲಾ ಮಾಡುತ್ತಾರೆ. ಅದಕ್ಕೆ ಬೇಕಾದ ಧಮನಿಯೇ ಮಣಿಕಟ್ಟಿನಿಂದ ಆಂಜಿಯೋ ಮಾಡುವವರಿಗೂ ಬೇಕು. ಮಣಿಕಟ್ಟಿನ ದಾರಿಯಲ್ಲಿ ರಕ್ತಸ್ರಾವ ಕಡಿಮೆ ಎಂದು ಈಗ ಎಲ್ಲರೂ ಅದನ್ನೇ ಹಿಡಿಯುತ್ತಾರೆ. ಆದರೆ ಒಮ್ಮೆ ನಳಿಗೆ ತೂರಿಸಿದ ಧಮನಿ ಮುಚ್ಚಿಹೋದರೆ ಮುಂದೆ ಫಿಸ್ಟುಲಾಕ್ಕೆ ಸಿಗುವುದಿಲ್ಲ. ಡಯಾಲಿಸಿಸ್ ಹತ್ತಿರವಾಗುತ್ತಿರುವ ರೋಗಿಗೆ ತೊಡೆಯಿಂದ ಮಾಡುವುದೇ ಒಳ್ಳೆಯದು, ಇಲ್ಲವೇ ಬಲಗೈಯನ್ನು ಬಳಸಿ ಎಡಗೈ ಉಳಿಸಿಕೊಳ್ಳಬಹುದು. ವಾರ್ಡಿನಲ್ಲಿ ಎಡಮುಂಗೈಗೆ ಡ್ರಿಪ್ ಚುಚ್ಚಲು ಬಂದಾಗ 'ಸಿಸ್ಟರ್, ಈ ಕೈ ಬೇಡ್ರಿ' ಎನ್ನಲು ರೋಗಿಗೆ ಹೇಳಿಕೊಡಬೇಕು.

ಔಷಧ ಮತ್ತು ಹಣ

ಸ್ಟೆಂಟ್ ಆದ ಮೇಲೆ ಆಸ್ಪಿರಿನ್ ಜತೆ ಕ್ಲೋಪಿಡೋಗ್ರೆಲ್ ಅಥವಾ ಟಿಕಾಗ್ರೆಲಾರ್. ರಕ್ತಸ್ರಾವ ಕಂಡರೆ ಅವಧಿ ಕಡಿಮೆ ಮಾಡುವುದುಂಟು. ಸೋಸುವ ದರ 30ಕ್ಕಿಂತ ಕೆಳಗಿದ್ದರೆ ರಕ್ತ ತಿಳಿಗೊಳಿಸುವ ಎನಾಕ್ಸಪ್ಯಾರಿನ್ ಇಂಜೆಕ್ಷನ್ ದಿನಕ್ಕೆ ಎರಡರ ಬದಲು ಒಂದೇ. ಕೊಲೆಸ್ಟ್ರಾಲ್ ಮಾತ್ರೆಯ ಕಥೆ ವಿಚಿತ್ರ: ಡಯಾಲಿಸಿಸ್‌ಗೆ ಮುನ್ನ ಶುರುಮಾಡಿದರೆ ಲಾಭವಿದೆ ಎಂದು 2011ರ ಶಾರ್ಪ್ ಪ್ರಯೋಗ ತೋರಿಸಿತು, ಡಯಾಲಿಸಿಸ್ ಶುರುವಾದ ಮೇಲೆ ಹೊಸದಾಗಿ ಕೊಟ್ಟರೆ ಇಲ್ಲ ಎಂದು 2005ರ ಮತ್ತು 2009ರ ಎರಡು ಪ್ರಯೋಗಗಳು ತೋರಿಸಿದವು. ಮೊದಲಿನಿಂದ ತೆಗೆದುಕೊಳ್ಳುತ್ತಿದ್ದವರು ಬಿಡಬೇಕಿಲ್ಲ. ಸಕ್ಕರೆ ಕಾಯಿಲೆಗೆಂದು ಬಂದ ಡಪಾಗ್ಲಿಫ್ಲೋಜಿನ್, ಎಂಪಾಗ್ಲಿಫ್ಲೋಜಿನ್ ಮಾತ್ರೆಗಳು ಸಕ್ಕರೆ ಇಲ್ಲದ ಮೂತ್ರಪಿಂಡ ರೋಗಿಗಳಿಗೂ ಉಪಯುಕ್ತ ಎಂದು 2020ರ ನಂತರ ಸಾಬೀತಾಗಿದೆ. ದಶಕಗಳಲ್ಲಿ ಇಂಥ ಒಳ್ಳೆಯ ಸುದ್ದಿ ಬಂದಿರಲಿಲ್ಲ.

2017ರ ಫೆಬ್ರುವರಿಯಲ್ಲಿ ಕೇಂದ್ರ ಸರ್ಕಾರ ಔಷಧ ಲೇಪಿತ ಸ್ಟೆಂಟಿನ ಬೆಲೆಗೆ 29,600 ರೂಪಾಯಿಯ ಮಿತಿ ಹಾಕಿತು. ಅದಕ್ಕೂ ಮುಂಚೆ, 2010ರಲ್ಲಿ ಕರ್ನಾಟಕ ಬಿಪಿಎಲ್ ಕುಟುಂಬಗಳಿಗೆ ವಾಜಪೇಯಿ ಆರೋಗ್ಯಶ್ರೀ ತಂದಿತ್ತು. ಹೃದಯ ಚಿಕಿತ್ಸೆ ಅದರ ದೊಡ್ಡ ಪಾಲು. ಯೋಜನೆ ಮೊದಲು ಬಂದ ಉತ್ತರ ಕರ್ನಾಟಕದ ಹಳ್ಳಿಗಳನ್ನೂ ಗಡಿಯಾಚೆ ಇನ್ನೂ ಬಾರದ ಹಳ್ಳಿಗಳನ್ನೂ ಹೋಲಿಸಿದ ಅಧ್ಯಯನ 2014ರಲ್ಲಿ ಪ್ರಕಟವಾಯಿತು. ಯೋಜನೆಗೆ ಸೇರಿದ ಕಾಯಿಲೆಗಳಿಂದಾದ ಸಾವು ಯೋಜನೆ ಬಾರದ ಹಳ್ಳಿಗಳ ಬಡ ಕುಟುಂಬಗಳಲ್ಲಿ ಶೇ 0.90, ಬಂದ ಹಳ್ಳಿಗಳಲ್ಲಿ ಶೇ 0.32, ಅಂದರೆ ಶೇ 64ರಷ್ಟು ಕಡಿಮೆ. ಇಂದು ಆಯುಷ್ಮಾನ್ ಭಾರತ್ ಆರೋಗ್ಯ ಕರ್ನಾಟಕ ಆ ಜಾಗದಲ್ಲಿದೆ. ಹಣದ ಅಡ್ಡಿ ಕಡಿಮೆಯಾದಷ್ಟೂ ಇನ್ನೊಂದು ಪ್ರಶ್ನೆ ದೊಡ್ಡದಾಗುತ್ತದೆ: ಉಚಿತ ಸಿಗುತ್ತದೆ ಎಂದು ಬೇಡದ ಸ್ಟೆಂಟ್ ಹಾಕಿಸಿಕೊಳ್ಳುವ ಪ್ರಮೇಯ.

ಕಸಿಗೆ ಮುನ್ನ

ಮೂತ್ರಪಿಂಡ ಕಸಿಗೆ ಹೆಸರು ಬರೆಸಿದವರಿಗೆ ಹೃದಯದ ಧಮನಿಗಳನ್ನು ಮೊದಲೇ ಶೋಧಿಸಿ, ಅಡಚಣೆ ಕಂಡರೆ ತೆರೆದು ಕಳಿಸುವ ಪದ್ಧತಿ ದೀರ್ಘಕಾಲ ನಡೆಯಿತು. ಅದರ ಬೇರು 1992ರ ಪುಟ್ಟ ಪ್ರಯೋಗದಲ್ಲಿದೆ: ಸಕ್ಕರೆ ಕಾಯಿಲೆಯ 26 ರೋಗಿಗಳಲ್ಲಿ ಔಷಧ ಮಾತ್ರ ಪಡೆದ 13 ಜನರಲ್ಲಿ 10 ಮಂದಿಗೆ ಹೃದಯದ ಅವಘಡವಾದರೆ, ಧಮನಿ ತೆರೆಸಿಕೊಂಡ 13 ಜನರಲ್ಲಿ ಇಬ್ಬರಿಗೆ ಮಾತ್ರ. ಆಗಿನ 'ಔಷಧ' ಎಂದರೆ ಆಸ್ಪಿರಿನ್ ಮತ್ತು ಒಂದು ರಕ್ತದೊತ್ತಡದ ಮಾತ್ರೆ. ಇಂದಿನ ಔಷಧದ ಪಕ್ಕದಲ್ಲಿ ಅದು ಏನೂ ಅಲ್ಲ. ಇಸ್ಕೀಮಿಯಾ-ಸಿಕೆಡಿಯೊಳಗೆ ಕಸಿಯ ಪಟ್ಟಿಯಲ್ಲಿದ್ದವರನ್ನು ಬೇರೆಯಾಗಿ ನೋಡಿದಾಗ ಅವರಿಗೂ ಮೊದಲೇ ಸ್ಟೆಂಟ್ ಹಾಕುವುದರಿಂದ ಲಾಭ ಕಾಣಲಿಲ್ಲ.

ಕರ್ನಾಟಕದಲ್ಲಿ ಮೃತರ ಅಂಗದಾನದ ಪಟ್ಟಿಯನ್ನು ಜೀವಸಾರ್ಥಕತೆ ಸಂಸ್ಥೆ ನೋಡಿಕೊಳ್ಳುತ್ತದೆ. ಸರದಿ ಬರಲು ವರ್ಷಗಳೇ ಹಿಡಿಯಬಹುದು. ಅಷ್ಟರಲ್ಲಿ ಔಷಧ ಲೇಪಿತ ಸ್ಟೆಂಟ್ ಹಾಕಿಸಿಕೊಂಡವರು ಕೆಲವು ತಿಂಗಳು ಎರಡು ರಕ್ತ ತಿಳಿಗೊಳಿಸುವ ಮಾತ್ರೆಗಳನ್ನು ಬಿಡುವಂತಿಲ್ಲ, ಆ ಅವಧಿಯಲ್ಲಿ ಮೂತ್ರಪಿಂಡ ಸಿಕ್ಕಿತೆಂದು ಕರೆ ಬಂದರೆ ಶಸ್ತ್ರಚಿಕಿತ್ಸೆಗೆ ಒಡ್ಡಿಕೊಳ್ಳುವುದು ಕಷ್ಟ. ಈ ಕಾರಣಕ್ಕೆ ಅನೇಕ ಕಸಿ ಕೇಂದ್ರಗಳು ಈಗ ಎಲ್ಲರಿಗೂ ಆಂಜಿಯೋ ಎನ್ನುವುದನ್ನು ಬಿಟ್ಟು, ನಡೆದರೆ ಎದೆ ಹಿಡಿಯುವವರಿಗೆ, ಎಕೋದಲ್ಲಿ ಹೃದಯದ ಶಕ್ತಿ ಕುಸಿದದ್ದು ಕಂಡವರಿಗೆ ಮಾತ್ರ ಮುಂದಿನ ಪರೀಕ್ಷೆ ಬರೆಯುತ್ತಿವೆ.